ಅವಳಿಗೆ ಕಾಲು, ನನಗೆ ಮೆದುಳು

ಚಳ್ಳಕೆರೆಯ ನಮ್ಮ ಕಾಲೇಜಿನ ಪಕ್ಕ ಮರಗೆಲಸದ ಅಂಗಡಿಯಿದೆ. ಇವತ್ತು ಬೆಳಿಗ್ಗೆ ಅಲ್ಲಿಂದ ಮರದ ಹೊಟ್ಟಿನ ವಾಸನೆ ಬಂತು. ನಿಮಗೆ ಅದು ಕುರ್ಚಿ ಮೇಜಿನ ವಾಸನೆ, ನನಗೆ ಇಲಿಮರಿಗಳದ್ದು. ಪ್ರಯೋಗಾಲಯದ ಪಂಜರಗಳಲ್ಲಿ ನಾನೂ ನನ್ನ ಗೆಳತಿ ನೂರ್‌ಜಹಾನೂ ಅದನ್ನೇ ಹಾಸುತ್ತಿದ್ದೆವು.

ನಾನು ಮೊಳಕಾಲ್ಮೂರಿನವಳು, ಅವಳು ಚಳ್ಳಕೆರೆಯ ಲಾರಿ ಮೆಕ್ಯಾನಿಕ್ಕಿನ ಮಗಳು. ಕಾಲೇಜಿನಿಂದ ಸಂಶೋಧನೆಯವರೆಗೂ ಒಂದೇ ಬೆಂಚು. ಎಳೆಯ ಇಲಿಮರಿಯ ಬೆನ್ನಿನ ಚರ್ಮದಡಿ ಚುಚ್ಚಿದ ವೈರಸ್ಸು ಮೈಯಲ್ಲಿ ಯಾವ ದಾರಿ ಹಿಡಿದು ಹರಡುತ್ತದೆಂದು ಹುಡುಕುವುದು ನಮ್ಮ ಕೆಲಸ. ದೊಡ್ಡ ಇಲಿಗಳು ತಡೆದುಕೊಳ್ಳುತ್ತಿದ್ದವು. ಮರಿಗಳಿಗೆ ಆ ಶಕ್ತಿಯಿರಲಿಲ್ಲ. ಸಂಶೋಧನೆ ನೋಡಿಕೊಳ್ಳುತ್ತಿದ್ದ ಮೇಷ್ಟ್ರು ಪರೀಕ್ಷಿಸಲು ನನಗೆ ಮೆದುಳು ಕೊಟ್ಟರು, ಅವಳಿಗೆ ಕಾಲಿನ ಸ್ನಾಯು. ನಾನು ಒಳಗೊಳಗೇ ಬೀಗಿದೆ. ಕಾಲೆಲ್ಲಿ, ಮೆದುಳೆಲ್ಲಿ!

ವೈರಸ್ಸಿದ್ದ ಕಡೆ ಹಸಿರಾಗಿ ಹೊಳೆಯುವಂತೆ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದೆವು. ನನ್ನದು ಬರೀ ಕತ್ತಲೆ. ಮಾರನೆಯ ದಿನವೂ ಕತ್ತಲೆ. ಅಷ್ಟರಲ್ಲಿ ಅವಳು ಕೂಗಿದಳು: "ಏ, ಬಾರೇ ಇಲ್ಲಿ! ಹೆಂಗೈತೆ ನೋಡು!"

ಸ್ನಾಯುವಿನ ಎಳೆಎಳೆಯೂ ಹೊಳೆಯುತ್ತಿತ್ತು. "ಚೆನ್ನಾಗೈತೆ," ಎಂದೆ. ಎರಡನೆಯ ಸಲ ನೋಡದೆ ನನ್ನ ಕತ್ತಲೆಗೆ ಮರಳಿದೆ.

ಕೊನೆಗೊಮ್ಮೆ ನನ್ನ ಮೆದುಳೂ ಮಿನುಗಿತು. ಆದರೆ ವೈರಸ್ಸು ಅಲ್ಲಿಗೆ ಹತ್ತಿದ್ದು ಕಾಲಿನ ಸ್ನಾಯುವಿನಿಂದ ನರ, ನರದಿಂದ ಬೆನ್ನುಹುರಿ ಹಿಡಿದು. "ನಿನ್ನ ಮೆದುಳಿಗೆ ನನ್ನ ಕಾಲಿಂದಾನೇ ದಾರಿ ಕಣೇ," ಎಂದು ಅವಳು ನಕ್ಕಳು. ನಾನೂ ನಕ್ಕೆ, ಹಲ್ಲು ಮಾತ್ರ. ವಿಜ್ಞಾನಿಗಳ ದೊಡ್ಡ ಸಭೆಯಲ್ಲಿ ಮಾತಾಡಲು ಮೇಷ್ಟ್ರು ಅವಳನ್ನೇ ಕಳಿಸಿದರು. ಊರಿಗೆ ಹೋದರೆ ಅವ್ವನೂ, "ನೂರ್‌ಜಹಾನು ಏನೋ ಕಂಡುಹಿಡಿದ್ಲಂತಲ್ಲೇ! ನೀನೇನ್ ಮಾಡ್ತಿದ್ದೆ?" ಎನ್ನಬೇಕೆ?

"ನೋಡ್ತಿದ್ದೆ," ಎಂದೆ.

ಈಗ ನಾನು ಇಲ್ಲಿ ಪಾಠ ಹೇಳುವ ಮೇಡಂ. ಅವಳಿಗೆ ಸ್ವಂತ ಪ್ರಯೋಗಾಲಯವಿದೆ. ಇವತ್ತು ನಮ್ಮ ವಿದ್ಯಾರ್ಥಿಗಳೆದುರು ಮಾತಾಡಲು ಬಂದಿದ್ದಳು. ಪರದೆಯ ಮೇಲೆ ಅವಳ ಹಸಿರು ಚಿತ್ರಗಳು, ಅವಕ್ಕೆ ಚಪ್ಪಾಳೆ. ಆಮೇಲೆ ನನ್ನ ಕಪ್ಪು ಚಿತ್ರಗಳು.

"ಇವು ನಿಮ್ಮ ಮೇಡಂದು," ಎಂದಳು. "ಮೆದುಳು ಖಾಲಿ ಐತೆ ಅಂತ ಇವಳು ತೋರಿಸ್ದೆ ಇದ್ದಿದ್ರೆ, ವೈರಸ್ಸು ಮೊದ್ಲು ಕಾಲಿಗೆ ಹೋಯ್ತು ಅಂತ ನಾನು ಹೆಂಗೆ ಹೇಳ್ತಿದ್ದೆ?"

ಹೊಟ್ಟೆಕಿಚ್ಚು ಆರಿತೆಂದುಕೊಳ್ಳಬೇಡಿ. ಇಷ್ಟು ದೊಡ್ಡ ಮನಸ್ಸೂ ಅವಳಿಗೇ ಇರಬೇಕೆ ಎಂದು ಇನ್ನಷ್ಟು ಉರಿಯಿತು.

ಪರಶುರಾಂಪುರದಿಂದ ಬರುವ ಹುಡುಗಿಯೊಬ್ಬಳು ಎದ್ದಳು. "ಮೇಡಂ, ಆ ಕಪ್ಪುದು ಇನ್ನೊಂದ್ಸಲ ತೋರಿಸ್ರಿ. ಏನೂ ಇಲ್ಲ ಅಂತ ಹೆಂಗೆ ಗ್ಯಾರಂಟಿ ಮಾಡ್ಕೊಂಡ್ರಿ?"

ನೂರ್‌ಜಹಾನ್ ಬಾಯಿ ತೆರೆದಳು.

"ನೀನ್ ಕೂತ್ಕಳೇ," ಎಂದು ಮೈಕು ಕಸಿದುಕೊಂಡೆ. "ಅದು ನಂದು."