ದನಿ ಕಟ್ಟಿದ ಕಿಲಾರಿ

ವರವು ಕಾವಲು ಎಂಬ ಹುಲ್ಲುಗಾವಲಿನ ಅಂಚಿನ ಹಟ್ಟಿ. ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಮುಳ್ಳುಬೇಲಿಯ ರೊಪ್ಪ ತೆರೆದು ದೊಡ್ಡೀರಪ್ಪ ಎಪ್ಪತ್ತಕ್ಕೂ ಹೆಚ್ಚು ದನಗಳನ್ನು ಹೊರಬಿಡುತ್ತಾರೆ. ಒಂದು ಹೋರಿ ಡಾಂಬರು ರಸ್ತೆಯತ್ತ ತಿರುಗುತ್ತದೆ. ಅವರು ಬಾಯಿ ತೆರೆದು ಕೂಗುತ್ತಾರೆ. ಹೊರಬರುವುದು ಬರೀ ಗಾಳಿ. ಐವತ್ತೆಂಟರ ಮನುಷ್ಯ ಬರಿಗಾಲಲ್ಲಿ ಓಡುತ್ತಾರೆ. ಟಿಪ್ಪರ್ ಒಂದು ಹೋರಿಯ ಮೂತಿ ಸವರುವಷ್ಟು ಹತ್ತಿರ ಹಾದುಹೋಗುತ್ತದೆ.

"ಮೊದ್ಲು ನಿಂತಲ್ಲೇ ಹೆಸರು ಹಿಡಿದು ಕರೆದ್ರೆ ಬರೋವು. ಈಗ ಓಡಬೇಕು ನೋಡ್ರಿ," ಎನ್ನುತ್ತಾರೆ. ಕೇಳಿಸಿಕೊಳ್ಳಲು, ವರದಿಗೆಂದು ಬಂದ ನಾವು ಬಗ್ಗಬೇಕು.

ಮ್ಯಾಸನಾಯಕ ಸಮುದಾಯದವರು ದೇವರಿಗೆ ಬಿಟ್ಟ ದನಗಳನ್ನು, ಅಂದರೆ ದೇವರ ಎತ್ತುಗಳನ್ನು, ಕಾಯುವವರು ಕಿಲಾರಿಗಳು. ದೊಡ್ಡೀರಪ್ಪ ಮೂವತ್ತು ವರ್ಷಗಳಿಂದ ಈ ಹಟ್ಟಿಯ ಕಿಲಾರಿ. ಸಂಬಳವೆಂಬುದಿಲ್ಲ, ಹಟ್ಟಿಯವರು ಕೊಡುವ ಕಾಳುಕಡಿಯಲ್ಲೇ ಬದುಕು. ದಿನಕ್ಕೆ ಹತ್ತು ಹನ್ನೆರಡು ಕಿಲೋಮೀಟರ್ ನಡಿಗೆ, ಒಂದು ಕಟ್ಟು ಬೀಡಿ. ಕಾವಲಿನ ದೊಡ್ಡ ಭಾಗಕ್ಕೆ ಈಗ ಸರ್ಕಾರಿ ಸಂಸ್ಥೆಗಳ ಗೋಡೆ ಬಂದಿರುವುದರಿಂದ ದನಗಳು ರಸ್ತೆ ಬದಿಯಲ್ಲೇ ಮೇಯಬೇಕು. ಅಲ್ಲಿ ಅವನ್ನು ಕಾಯುವುದು ಕಿಲಾರಿಯ ದನಿಯೇ.

ದೀಪಾವಳಿ ಹೊತ್ತಿಗೆ ಆ ದನಿ ಕಟ್ಟಿತು. ದಾವಣಗೆರೆಯಲ್ಲಿ ಧ್ವನಿಪೆಟ್ಟಿಗೆಯಿಂದ ಚೂರು ತೆಗೆದು ಪರೀಕ್ಷಿಸಿದಾಗ ಕ್ಯಾನ್ಸರ್ ಎಂದು ತಿಳಿಯಿತು. ಗಡ್ಡೆ ಕೆಳದರ್ಜೆಯದು, ಇಂಥವು ಸಾಮಾನ್ಯವಾಗಿ ನಿಧಾನ ಬೆಳೆಯುತ್ತವೆ, ಆದರೂ ತಡಮಾಡಬೇಡಿ ಎಂದರು ವೈದ್ಯರು. ದೊಡ್ಡೀರಪ್ಪನವರ ಕಿವಿಗೆ ಬಿದ್ದದ್ದು 'ನಿಧಾನ' ಎಂಬುದೊಂದೇ.

"ನಿಧಾನ ಐತಲ್ಲ, ಬೇಸಿಗೆ ದಾಟ್ಲಿ ಅಂದ್ಕೊಂಡೆ. ದನ ಯಾರಿಗೆ ಬಿಟ್ಟು ಹೋಗ್ಲಿ?"

"ಬೀಡಿ ಎಳಿಯಾಕೆ ಗಂಟಲಿತ್ತು, ಡಾಕ್ಟ್ರು ಹೇಳಿದ್ದು ಕೇಳಾಕೆ ಕಿವಿ ಇರ್ಲಿಲ್ಲ," ಎನ್ನುತ್ತಾರೆ ಹೆಂಡತಿ ಮುದ್ದಕ್ಕ.

ದರ್ಜೆ ಹೇಳುವುದು ಸೂಕ್ಷ್ಮದರ್ಶಕದಡಿ ಜೀವಕೋಶಗಳು ಎಷ್ಟು ಕೆಟ್ಟಿವೆ ಎಂಬುದನ್ನು. ರೋಗಿ ಎಷ್ಟು ವರ್ಷ ಬದುಕಿಯಾರು ಎಂಬುದು ಅದಕ್ಕಿಂತ ಹೆಚ್ಚಾಗಿ ರೋಗ ಎಲ್ಲಿಯವರೆಗೆ ಹರಡಿದೆ ಎಂಬುದರ ಮೇಲೆ ನಿಂತಿದೆ. ಧ್ವನಿತಂತುವಿನಲ್ಲೇ ಇರುವಾಗ ಚಿಕಿತ್ಸೆ ಪಡೆದವರಲ್ಲಿ ಹೆಚ್ಚಿನವರು ಐದು ವರ್ಷ ದಾಟುತ್ತಾರೆ. ಕುತ್ತಿಗೆಯ ಗ್ರಂಥಿಗೆ ಇಳಿದರೆ ಆ ಭರವಸೆ ಬಹಳ ಕುಗ್ಗುತ್ತದೆ. ದೊಡ್ಡೀರಪ್ಪ ಮತ್ತೆ ಆಸ್ಪತ್ರೆಗೆ ಹೋದದ್ದು ನಾಲ್ಕು ತಿಂಗಳ ಮೇಲೆ. ಅಷ್ಟರಲ್ಲಿ ಗಡ್ಡೆ ಎರಡೂ ತಂತುಗಳನ್ನು ಹಿಡಿದಿತ್ತು. ಕುತ್ತಿಗೆಯಲ್ಲೂ ಏನೋ ಕೈಗೆ ಸಿಗುತ್ತಿದೆ. ಸ್ಕ್ಯಾನ್ ಆಗಿದೆ, ಫಲಿತಾಂಶ ಬಂದಿಲ್ಲ. ಮಾತಿನ ನಡುವೆ ಅವರ ಬೆರಳು ಮತ್ತೆ ಮತ್ತೆ ಅಲ್ಲಿಗೇ ಹೋಗುತ್ತದೆ.

ಸೋಮವಾರದಿಂದ ಏಳು ವಾರ ವಿಕಿರಣ ಚಿಕಿತ್ಸೆ. ಅದು ಮುಗಿಯುವವರೆಗೆ ದನ ಕಾಯಲು ಒಪ್ಪಿರುವವನು ತಮ್ಮನ ಮಗ ಓಬಳೇಶ, ಚಳ್ಳಕೆರೆಯಲ್ಲಿ ಗೂಡ್ಸ್ ಆಟೋ ಓಡಿಸುವವನು. ಅವನಿಗೆ ಕೂಗು ಕಲಿಸಬೇಕು, ಕಲಿಸುವವರಿಗೆ ದನಿಯಿಲ್ಲ. ಓಬಳೇಶ ಕೂಗಿದರೆ ದನಗಳು ಮೇವಿನಿಂದ ತಲೆಯೆತ್ತುವುದಿಲ್ಲ.

"ಹಂಗಲ್ಲ ಕಣೋ, ಕೊನೀಗೆ ಎಳೀಬೇಕು," ಎನ್ನುತ್ತಾ ಮುದ್ದಕ್ಕ ತಾವೇ ಕೂಗುತ್ತಾರೆ. ಮೂವತ್ತು ವರ್ಷ ಗುಡಿಸಲಲ್ಲಿ ಕೂತು ಕೇಳಿದ ಕೂಗು. ನಾಲ್ಕೈದು ದನ ತಿರುಗಿ ನೋಡುತ್ತವೆ.

"ದೊಡ್ಡವ್ವ, ನೀನೇ ಹೋಗ್ಬಿಡು ದನದ ಹಿಂದೆ!"

"ಹೋಗ್ತೀನಿ. ಆಟೋ ಮಾರಿ ನಂಗೆ ಕೂಲಿ ಕೊಡ್ತೀಯಾ?"

ದೊಡ್ಡೀರಪ್ಪ ನಗಲು ಹೋಗಿ ಕೆಮ್ಮುತ್ತಾರೆ. ಅಂಗೈಗೆ ಬಂದದ್ದನ್ನು ಅವರು ಹೆಂಡತಿಗೆ ಕಾಣದಂತೆ ಪಂಚೆಗೆ ಒರೆಸಿಕೊಳ್ಳುತ್ತಾರೆ.

ನಾವು ಹೊರಡುವ ಮುನ್ನ, ಏನಾದರೂ ಹೇಳುವುದಿದೆಯೇ ಎಂದು ದೊಡ್ಡೀರಪ್ಪನವರನ್ನು ಕೇಳುತ್ತೇವೆ. ಬೇಲಿಯ ಪಕ್ಕ ಮಲಗಿರುವ ತುಂಬುಗಬ್ಬದ ಹಸುವೊಂದನ್ನು ತೋರಿಸುತ್ತಾರೆ.

"ನಾನಿಲ್ದಾಗ ಈಯ್ತೈತೆ ಅದು. ಕರೂಗೆ ಯಾರೂ ಹೆಸರಿಡಬ್ಯಾಡ್ರಿ ಅಂತ ಹೇಳೀನಿ. ಬಂದು ನಾನೇ ಇಡ್ತೀನಿ."