ಮಲಗಿ ನೋಡಿ ಕೊಡುವ ಅಂಗಡಿ

ನಮ್ಮ ಭಾವನಿಗೆ ರಾತ್ರಿ ನಿದ್ದೆ ಬರುವುದಿಲ್ಲ ಎಂದು ಅಕ್ಕ ಹೇಳಿದಾಗ ನಾನು ನಕ್ಕುಬಿಟ್ಟೆ. ಮೂವತ್ತೊಂದು ವರ್ಷದಿಂದ ಊರಿಗೆಲ್ಲ ಹಾಸಿಗೆ ಮಾಡಿಕೊಟ್ಟ ಮನುಷ್ಯ! ಅವರು ಮಾಡಿದ ಹಾಸಿಗೆಯ ಮೇಲೆ ಮಲಗಿ ಬಸ್ಸು ತಪ್ಪಿಸಿಕೊಂಡವರಿದ್ದಾರೆ, ಪರೀಕ್ಷೆ ತಪ್ಪಿಸಿಕೊಂಡವರಿದ್ದಾರೆ, ಒಬ್ಬ ಮಹಾಶಯನಂತೂ ತನ್ನ ಮದುವೆಗೇ ತಡವಾಗಿ ಹೋಗಿದ್ದಾನೆ. ಅಂಥವರಿಗೆ ನಿದ್ದೆ ಇಲ್ಲವೆಂದರೆ ಯಾರು ನಂಬುತ್ತಾರೆ?

ನಾನು ಅವರ ಹೆಂಡತಿಯ ತಂಗಿ. ಅಂಗಡಿಯ ಹಿಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತು ಗವಸು ಹೊಲಿಯುವುದು ನನ್ನ ಕೆಲಸ. ಅಕ್ಕ ಹತ್ತಿ ತೂಗುತ್ತಾಳೆ, ಗಿರಾಕಿಗಳನ್ನು ಮಾತಾಡಿಸುತ್ತಾಳೆ, ಬಿಡುವಾದಾಗ ನಮ್ಮಿಬ್ಬರನ್ನೂ ಬೈಯುತ್ತಾಳೆ. ಭಾವ ಹತ್ತಿ ಹಿಂಜಿ, ಗವಸಿಗೆ ತುಂಬಿ, ಕೋಲಿನಿಂದ ಬಡಿದು ಸಮ ಮಾಡಿ, ದಬ್ಬಳದಿಂದ ಈ ಬದಿಯಿಂದ ಆ ಬದಿಗೆ ಹೊಲಿಗೆ ಹಾಕುತ್ತಾರೆ. ಗೇಣುದ್ದದ ಈ ದಬ್ಬಳಗಳು ನಮ್ಮಲ್ಲಿರುವುದು ಐದು. ಸಂಜೆ ಬಾಗಿಲು ಹಾಕುವಾಗ ಐದೂ ಗೋಡೆಯ ಹಲಗೆಗೆ ಚುಚ್ಚಿರಬೇಕು. ಅದು ಅಕ್ಕನ ಕಾನೂನು.

ಒಂದು ಸಂಜೆ ಹಲಗೆಯಲ್ಲಿ ನಾಲ್ಕೇ ಇದ್ದವು. ನೆಲ ಗುಡಿಸಿದೆವು, ಹತ್ತಿಯ ಮೂಟೆ ಕೊಡವಿದೆವು, ಕೊನೆಗೆ ಮರುದಿನ ಗಿರಾಕಿಗಳ ಮನೆಗೆ ಹೋಗಬೇಕಿದ್ದ ಮೂರು ಹಾಸಿಗೆಗಳ ಹೊಲಿಗೆ ಬಿಚ್ಚಿದೆವು. ಮೂರನೆಯದರ ಹತ್ತಿಯೊಳಗೆ ದಬ್ಬಳ ಹಾಯಾಗಿ ಮಲಗಿತ್ತು.

"ಇದು ಯಾರದಾದ್ರೂ ಬೆನ್ನಿಗೆ ಹೊಕ್ಕಿದ್ರೆ ಏನ್ರೀ ಗತಿ?" ಅಕ್ಕ ದಬ್ಬಳವನ್ನು ಭಾವನ ಮುಖದ ಮುಂದೆ ಹಿಡಿದಳು.

"ಮೂರು ತಿಂಗಳಿಂದ ರಾತ್ರಿ ರೆಪ್ಪೆ ಅಂಟಿಲ್ಲ ಕಣೇ. ಹಗಲು ಕಣ್ಣೆಲ್ಲ ಮಂಜು ಮಂಜು," ಎಂದರು ಭಾವ, ತಲೆ ತಗ್ಗಿಸಿ.

ಅಕ್ಕನಿಗೆ ಮರುಕ ಬರಲಿಲ್ಲವೆಂದಲ್ಲ. ಬಂತು, ಆದರೆ ತೀರ್ಪು ಅದಕ್ಕೂ ಮುಂಚೆ ಬಂತು. ಅವರ ಒಬ್ಬಳೇ ಮಗಳು ಆಗ ಏಳು ತಿಂಗಳ ಬಸುರಿ. ಮುಂದೆ ಹುಟ್ಟುವ ಮೊಮ್ಮಗುವಿಗೆಂದು, ಅವಳು ಬಸುರಿಯಾಗುವ ಮೊದಲೇ, ಭಾವ ಒಳ್ಳೆಯ ಹತ್ತಿಯನ್ನು ಆರಿಸಿ ಬಟ್ಟೆಯಲ್ಲಿ ಕಟ್ಟಿ ಅಟ್ಟದ ಮೇಲಿಟ್ಟು ವರ್ಷವಾಗಿತ್ತು. ದಿನಕ್ಕೊಮ್ಮೆ ಅದನ್ನು ಮುಟ್ಟಿ ನೋಡದೆ ಅವರಿಗೆ ಸಮಾಧಾನವಿರಲಿಲ್ಲ.

"ನಿಮಗೆ ಸರಿಯಾಗಿ ನಿದ್ದೆ ಹತ್ತೋವರೆಗೂ ಮಗು ಹಾಸಿಗೆಗೆ ನೀವು ದಬ್ಬಳ ಹಾಕೋ ಹಾಗಿಲ್ಲ. ಹೆರಿಗೆ ಹೊತ್ತಿಗೂ ಹೀಗೇ ಇದ್ರೆ ಬೇರೆ ಅಂಗಡೀಲಿ ತರ್ತೀನಿ," ಎಂದಳು ಅಕ್ಕ.

ಬೇರೆ ಅಂಗಡಿ! ಭಾವನ ಮುಖ ಕಪ್ಪಿಟ್ಟಿತು. ಅವರು ಆ ರಾತ್ರಿ ಊಟ ಸರಿಯಾಗಿ ಮಾಡಲಿಲ್ಲ ಎಂದು ಮರುದಿನ ಅಕ್ಕನೇ ಕಣ್ಣೊರೆಸಿಕೊಂಡು ಹೇಳಿದಳು.

ಅಲ್ಲಿಂದ ಶುರುವಾಯಿತು ನಿದ್ದೆಯ ಬೇಟೆ. ಬಿಸಿ ಹಾಲು ಕುಡಿದರು, ಅಂಗಾಲಿಗೆ ಎಣ್ಣೆ ತಿಕ್ಕಿದರು, ಹೆಚ್ಚು ಹೊತ್ತು ಮಲಗಿದರೆ ಒಂದಿಷ್ಟಾದರೂ ಸಿಕ್ಕೀತೆಂದು ಒಂಬತ್ತಕ್ಕೇ ದೀಪ ಆರಿಸಿದರು. ಫೋನ್ ಅಂಗಡಿ ಇಟ್ಟಿದ್ದ ಗಿರಾಕಿಯೊಬ್ಬ ನಿದ್ದೆ ಅಳೆಯುವ ದುಬಾರಿ ಕೈಪಟ್ಟಿಯೊಂದನ್ನು ನೋಡಲು ಕೊಟ್ಟು ಹೋದ. ಭಾವ ಅದನ್ನು ಕೈಗೆ ಕಟ್ಟಿಕೊಂಡು ಮಲಗಿದರು. ಬೆಳಿಗ್ಗೆ ಅದು ನೂರಕ್ಕೆ ಮೂವತ್ತೆಂಟು ಅಂಕ ಕೊಟ್ಟಿತು. ಶಾಲೆಯಲ್ಲೂ ಭಾವನಿಗೆ ಅಷ್ಟೇ ಬರುತ್ತಿತ್ತಂತೆ. ಮರುರಾತ್ರಿಯಿಂದ ಅಂಕ ಏರಿತೋ ಇಲ್ಲವೋ ಎಂದು ಗಂಟೆಗೊಮ್ಮೆ ಪಟ್ಟಿ ನೋಡುತ್ತ ಕೂತು, ಇದ್ದ ಮೂವತ್ತೆಂಟನ್ನೂ ಕಳೆದುಕೊಂಡರು.

ಭಾನುವಾರ ಮನೆಗೆ ಬಂದ ಮಗಳು ಮೊದಲು ಆ ಪಟ್ಟಿ ಬಿಚ್ಚಿಸಿದಳು. ಅವಳು ಆಸ್ಪತ್ರೆಯಲ್ಲಿ ನರ್ಸ್. ವರ್ಷಗಟ್ಟಲೆ ಪಾಳಿಯ ಮೇಲೆ ಪಾಳಿ ಮಾಡಿ ನಿದ್ದೆಯ ಒಳಹೊರಗು ಬಲ್ಲವಳು.

"ಅಪ್ಪ, ನಿದ್ದೆ ಅನ್ನೋದು ಹಸಿವಿನ ಹಾಗೆ. ಎದ್ದ ಗಳಿಗೆಯಿಂದ ಮಿದುಳಲ್ಲಿ ಸ್ವಲ್ಪ ಸ್ವಲ್ಪವಾಗಿ ಕೂಡ್ತಾ ಹೋಗುತ್ತೆ. ರಾತ್ರಿ ಹೊತ್ತಿಗೆ ಚೆನ್ನಾಗಿ ಕೂಡಿದ್ರೆ ಬಿದ್ದ ತಕ್ಷಣ ಹತ್ತುತ್ತೆ. ಇದರ ಜೊತೆ ಮೈಯೊಳಗೆ ಒಂದು ಗಡಿಯಾರ ಇದೆ. ಅದಕ್ಕೆ ಕೀ ಕೊಡೋದು ಬೆಳಗಿನ ಬೆಳಕು. ಇವೆರಡು ಒಂದಕ್ಕೊಂದು ಹೊಂದಿಕೊಂಡ್ರೆ ಸಾಕು."

"ಮತ್ತೆ ಟೀ?" ಎಂದರು ಭಾವ ಅನುಮಾನದಿಂದ. ದಿನಕ್ಕೆ ಏಳು ಲೋಟದವರು.

"ಟೀ ಆ ಹಸಿವನ್ನ ಮುಚ್ಚಿಡುತ್ತೆ. ಸಂಜೆ ಕುಡಿದದ್ದು ಮಧ್ಯರಾತ್ರಿಯಲ್ಲೂ ಮೈಯಲ್ಲೇ ಇರುತ್ತೆ. ಇನ್ಮೇಲೆ ಮಧ್ಯಾಹ್ನದ ಊಟ ಆದ್ಮೇಲೆ ಟೀ ಇಲ್ಲ."

ಗೊರಕೆಯ ನಡುವೆ ಉಸಿರು ನಿಲ್ಲುತ್ತದೆಯೇ ಎಂದು ಅಕ್ಕನನ್ನು ವಿಚಾರಿಸಿದಳು. ಇಲ್ಲವೆಂದರೂ ಬಿಡದೆ ವೈದ್ಯರಿಗೆ ತೋರಿಸಿದಳು. ಕಾಯಿಲೆ ಏನೂ ಇರಲಿಲ್ಲ. ಕೊನೆಗೆ ಒಂದು ನೋಟ್‌ಬುಕ್ ಕೊಟ್ಟು, ಎಷ್ಟಕ್ಕೆ ಮಲಗಿದೆ, ಎಷ್ಟಕ್ಕೆ ಎದ್ದೆ, ಹಗಲು ಎಷ್ಟು ನಿದ್ದೆ ಮಾಡಿದೆ, ಎಲ್ಲ ಬರೆದಿಡು ಎಂದಳು.

ಭಾವ ನಿಷ್ಠೆಯಿಂದ ಬರೆದರು. ಹಗಲಿನ ಸಾಲಿನಲ್ಲಿ ಏಳೂ ದಿನ 'ಇಲ್ಲ' ಎಂದಿತ್ತು. ನೋಟ್‌ಬುಕ್ ನೋಡಿ ಮಗಳು ತಲೆ ಕೆರೆದುಕೊಂಡಳು. "ಹಗಲೆಲ್ಲ ಎಚ್ಚರ, ರಾತ್ರಿ ಮೂರರವರೆಗೂ ಎಚ್ಚರ. ಲೆಕ್ಕ ಕೂಡ್ತಾ ಇಲ್ಲವಲ್ಲ ಚಿಕ್ಕಮ್ಮ?" ಎಂದಳು. ಭಾವ ಹಗಲು ಕೆಲಸ ಬಿಟ್ಟು ಕದಲುವುದಿಲ್ಲ ಎಂದು ನಾನೂ ಸಾಕ್ಷಿ ಹೇಳಿದೆ. ನನ್ನ ಬುದ್ಧಿಗಿಷ್ಟು!

ಎರಡು ದಿನ ಬಿಟ್ಟು, ಮಧ್ಯಾಹ್ನ ಮೂರರ ಹೊತ್ತಿಗೆ ಅವಳು ಹೇಳದೆ ಕೇಳದೆ ಅಂಗಡಿಗೆ ಬಂದಳು. ಭಾವ ಹೊಸ ಹಾಸಿಗೆಯ ಮೇಲೆ ಅಂಗಾತ ಮಲಗಿ ಗೊರಕೆ ಹೊಡೆಯುತ್ತಿದ್ದರು. ನಾನು ಯಂತ್ರದ ಪಕ್ಕದ ಗಡಿಯಾರ ನೋಡುತ್ತ ಹೊಲಿಯುತ್ತಿದ್ದೆ.

"ಏನಿದು ಚಿಕ್ಕಮ್ಮ?"

"ಪರೀಕ್ಷೆ ನಡೀತಿದೆ. ಈ ಮಗ್ಗುಲಿಗೆ ಇನ್ನೂ ಎಂಟು ನಿಮಿಷ ಇದೆ," ಎಂದೆ ನಾನು.

ನಮ್ಮ ಅಂಗಡಿಯ ಫಲಕದ ಮೇಲೆ ಇಂದಿಗೂ 'ಮಲಗಿ ನೋಡಿ ಕೊಡುತ್ತೇವೆ' ಎಂದಿದೆ. ಭಾವನ ತಂದೆ ಬರೆಸಿದ್ದು. ಹೊಲಿದು ಮುಗಿದ ಪ್ರತಿ ಹಾಸಿಗೆಯ ಮೇಲೂ ಮಾಡಿದವರೇ ಮಲಗಿ ನೋಡಬೇಕು, ಒಂದು ಮಗ್ಗುಲಿಗೆ ಅರ್ಧ ಗಂಟೆ, ತಿರುವಿ ಹಾಕಿ ಇನ್ನೊಂದಕ್ಕೆ ಅರ್ಧ ಗಂಟೆ. ಮೊದಲೆಲ್ಲ ವಾರಕ್ಕೊಂದೆರಡು ಹಾಸಿಗೆ ಆಗುತ್ತಿತ್ತು. ಮೂರು ತಿಂಗಳ ಹಿಂದೆ ಹೊಸ ವಸತಿಗೃಹವೊಂದರಿಂದ ಇನ್ನೂರು ಹಾಸಿಗೆಗಳ ಕೆಲಸ ಬಂದಿತ್ತು. ಅಂದಿನಿಂದ ದಿನಕ್ಕೆರಡು ಹಾಸಿಗೆ, ಎರಡು ಗಂಟೆ ಪರೀಕ್ಷೆ.

ಮಗಳು ಅಪ್ಪನನ್ನು ಅಲುಗಿಸಿ ಎಬ್ಬಿಸಿದಳು. "ಅಪ್ಪ, ಹಗಲು ನಿದ್ದೆ ಇಲ್ಲ ಅಂತ ಬರೆದಿದ್ದೀಯಲ್ಲ?"

"ಇದು ನಿದ್ದೆ ಅಲ್ಲಮ್ಮ," ಎಂದರು ಭಾವ, ಬಾಯಿಯ ಜೊಲ್ಲು ಒರೆಸಿಕೊಂಡು. "ಇದು ಕೆಲಸ."

ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಅಕ್ಕ ಗಾಬರಿಯಾಗಿ, "ನಿಧಾನ ಕಣೇ!" ಎಂದು ಕುರ್ಚಿ ತಂದಳು. ನಗು ನಿಂತ ಮೇಲೆ ಮಗಳು ಬಿಡಿಸಿ ಹೇಳಿದಳು. ರಾತ್ರಿಗೆಂದು ಕೂಡಿದ ಹಸಿವನ್ನೆಲ್ಲ ಅಪ್ಪ ಮಧ್ಯಾಹ್ನವೇ ಉಂಡು ಮುಗಿಸುತ್ತಿದ್ದರು. ಮಲಗಿದ ಎರಡೇ ಉಸಿರಿಗೆ ಗೊರಕೆ ಬರುತ್ತಿದ್ದದ್ದು ಹಾಸಿಗೆಯ ಗುಣದಿಂದಲ್ಲ, ರಾತ್ರಿ ನಿದ್ದೆಗೆಟ್ಟಿದ್ದರಿಂದ. ಆ ಮಾತು ಭಾವನಿಗೆ ಚುಚ್ಚಿತು. ಇಷ್ಟು ದಿನ ಆ ಗೊರಕೆಯನ್ನು ಅವರು ಹಾಸಿಗೆಗೆ ಸಿಕ್ಕ ಪ್ರಶಸ್ತಿ ಎಂದುಕೊಂಡಿದ್ದರು.

"ಹಾಗಂತ ನಮ್ಮಪ್ಪ ಬರೆಸಿದ ಫಲಕ ಕಿತ್ತು ಹಾಕಲಾ?" ಎಂದರು.

"ಫಲಕ ಇರಲಿ ಬಿಡಿ ಭಾವ," ಎಂದೆ ನಾನು. "ತಗೊಳ್ಳೋರೇ ಬಂದು ಮಲಗಿ ನೋಡಲಿ."

ನನ್ನ ಈ ಸಲಹೆಯಿಂದ ಅಂಗಡಿಗೆ ಕಳೆ ಬಂತು. ವಸತಿಗೃಹದ ಮ್ಯಾನೇಜರ್ ಬಂದು ಮಲಗಿದ. ನಿವೃತ್ತ ಪೋಸ್ಟ್‌ಮಾಸ್ತರರು ಬಂದು ಮಲಗಿ, ಏಳಲೊಪ್ಪಲಿಲ್ಲ, ಕೊನೆಗೆ ಅವರ ಹೆಂಡತಿ ಬಂದು ಕರೆದೊಯ್ದರು.

ಆದರೆ ಮಗಳು ಹಾಕಿಕೊಟ್ಟ ಕಟ್ಟಳೆಯ ಮೊದಲ ವಾರ ನೆನೆಸಿಕೊಂಡರೆ ನನಗೆ ಈಗಲೂ ಸಿಟ್ಟು ಬರುತ್ತದೆ. ರಾತ್ರಿ ಹನ್ನೊಂದೂವರೆಗೆ ಮುಂಚೆ ಹಾಸಿಗೆಗೆ ಹೋಗುವಂತಿಲ್ಲ. ನಿದ್ದೆ ಬರಲಿ ಬಿಡಲಿ, ಬೆಳಿಗ್ಗೆ ಐದೂವರೆಗೆ ಏಳಬೇಕು, ಬೆಳಕು ಬಿಟ್ಟ ಮೇಲೆ ಬೀದಿ ಸುತ್ತಬೇಕು. ಮಲಗಿ ಎಷ್ಟು ಹೊತ್ತಾದರೂ ನಿದ್ದೆ ಬಾರದಿದ್ದರೆ ಹೊರಳಾಡದೆ ಎದ್ದು, ಮಂದ ಬೆಳಕಿನಲ್ಲಿ ಕೂತು ದಾರದ ಸಿಕ್ಕು ಬಿಡಿಸಬೇಕು. ಭಾವ ಎಲ್ಲ ಮಾಡಿದರು, ಮತ್ತು ಹಗಲೆಲ್ಲ ಸಿಡಿಮಿಡಿಗುಟ್ಟಿದರು. ನನ್ನ ಹೊಲಿಗೆ ಸೊಟ್ಟ, ಯಂತ್ರದ ಸದ್ದು ಜಾಸ್ತಿ, ನಾನು ಕೆಮ್ಮುವ ರೀತಿ ಸರಿಯಿಲ್ಲ! ಅಷ್ಟೂ ದಿನ ಅಕ್ಕ ಅವರ ಕೈಗೆ ದಬ್ಬಳ ಕೊಡಲಿಲ್ಲ. ಭಾವ ಹತ್ತಿ ಹಿಂಜಿದರು, ನಾವಿಬ್ಬರು ಹೊಲಿದೆವು. ಆದರೆ ಮನೆಯಲ್ಲಿದ್ದ ಹಳೇ ದಾರದ ಉಂಡೆಗಳ ಸಿಕ್ಕೆಲ್ಲ ಬಿಡಿಸಿ ಮುಗಿಯಿತು.

ಹನ್ನೊಂದನೆಯ ದಿನ ಬೆಳಿಗ್ಗೆ ಭಾವ ಶಿಳ್ಳೆ ಹಾಕುತ್ತ ಅಂಗಡಿಗೆ ಬಂದರು. ಹಿಂದಿನ ರಾತ್ರಿ ಬಿದ್ದವರು ಐದೂವರೆಗೆ ಅಲಾರಂ ಕೂಗಿದಾಗಲೇ ಕಣ್ಣು ಬಿಟ್ಟಿದ್ದರಂತೆ. ಮಲಗುವ ಹೊತ್ತನ್ನು ಮಗಳು ಸ್ವಲ್ಪ ಸ್ವಲ್ಪವಾಗಿ ಹಿಂದಕ್ಕೆ ತಂದಳು. ಹೆರಿಗೆಗೆ ಇನ್ನೆರಡು ವಾರವಿದೆ ಎನ್ನುವಾಗ ಅಕ್ಕ ಹಲಗೆಯಿಂದ ಒಂದು ದಬ್ಬಳ ಕಿತ್ತು ಅವರ ಕೈಗಿಟ್ಟಳು. ಭಾವನ ಕಣ್ಣು ತುಂಬಿ ಬಂತು. ನನ್ನದೂ ಬಂತು, ಯಾಕೆ ಮುಚ್ಚಿಡಲಿ?

ಅಟ್ಟದ ಗಂಟು ಕೆಳಗಿಳಿಯಿತು. ಭಾವ ಹತ್ತಿಯನ್ನು ಬೆಣ್ಣೆಯ ಹಾಗೆ ಹಿಂಜಿದರು. ಮಗಳು ಅದಕ್ಕೂ ತಕರಾರು ತೆಗೆದಳು. "ಮೆತ್ತಗೆ ಬೇಡ ಅಪ್ಪ. ಎಳೆ ಮಗು ಮುಖ ಹೂತುಹೋಗಬಾರದು. ಗಟ್ಟಿಯಾಗಿ, ಸಮವಾಗಿ ಇರಬೇಕು. ದಿಂಬೂ ಬೇಡ." ವರ್ಷವಿಡೀ ಮೆತ್ತಗಿನ ಕನಸು ಕಂಡಿದ್ದ ಮನುಷ್ಯ ನಿಟ್ಟುಸಿರು ಬಿಟ್ಟು, ಅದೇ ಹತ್ತಿಯನ್ನು ಒತ್ತೊತ್ತಿ ತುಂಬಿ, ಬಡಿದು ಬಡಿದು ಹಲಗೆಯಂತೆ ಸಮ ಮಾಡಿದರು. ಹೊಲಿಗೆ ಮುಗಿದಾಗ ಮಧ್ಯಾಹ್ನ ಮೂರು ಗಂಟೆ. ಅಕ್ಕ ಹಲಗೆಯ ಮುಂದೆ ನಿಂತು ಎಣಿಸಿದಳು. ಐದೂ ಇದ್ದವು.

"ಇನ್ನು ಪರೀಕ್ಷೆ," ಎಂದರು ಭಾವ.

ನಾವು ಮೂವರೂ ಮುಖ ಮುಖ ನೋಡಿಕೊಂಡೆವು. ತೊಟ್ಟಿಲಿನಷ್ಟು ಹಾಸಿಗೆಯ ಮೇಲೆ ಅಷ್ಟು ದೊಡ್ಡ ಆಳು ಮಲಗುವುದೆಲ್ಲಿ? ಭಾವ ನೆಲದ ಮೇಲೆ ಮಂಡಿಯೂರಿ, ಬಗ್ಗಿ, ಹಾಸಿಗೆಗೆ ಕೆನ್ನೆಯಿಟ್ಟು ಕಣ್ಣು ಮುಚ್ಚಿದರು. ಬೇಡವೆನ್ನಲು ಯಾರಿಗೂ ಮನಸ್ಸು ಬರಲಿಲ್ಲ. ನಾನು ರೂಢಿಯಂತೆ ಗಡಿಯಾರ ನೋಡಿದೆ. ಮೊದಲಾಗಿದ್ದರೆ ಎರಡೇ ಉಸಿರು, ಗೊರಕೆ. ಒಂದು ನಿಮಿಷವಾಯಿತು. ಎರಡಾಯಿತು. ಐದಾಯಿತು. ಅಕ್ಕ ಸೆರಗಿನ ತುದಿ ಬಾಯಿಗಿಟ್ಟುಕೊಂಡಿದ್ದಳು.

ಭಾವ ಕಣ್ಣು ತೆರೆದರು. ತಿಳಿಯಾದ ಕಣ್ಣು, ಮಂಜಿಲ್ಲ.

"ಹಾಸಿಗೆ ಚೆನ್ನಾಗಿದೆ," ಎಂದರು ಮಗಳ ಕಡೆ ತಿರುಗಿ. "ನನಗೆ ನಿದ್ದೆ ಬರಲಿಲ್ಲ."