ಮರಿ ಟ್ರಂಪೆಟ್ಟು, ಮಾವನ ಹಲ್ಲು

ನಮ್ಮ ಮಾವ ಹರಿಹರದ ಮದುವೆ ಬ್ಯಾಂಡಿನಲ್ಲಿ ನಲವತ್ತು ವರ್ಷ ಟ್ರಂಪೆಟ್ ಊದಿದವರು. ಅತ್ತೆ ತೀರಿಕೊಂಡ ಮೇಲೆ ದಾವಣಗೆರೆಗೆ ಹೊಂದಿಕೊಂಡ ಆವರಗೆರೆಯ ನಮ್ಮ ಮನೆಗೆ ಬಂದರು. ಬರುವಾಗ ಒಂದು ಟ್ರಂಕು, ಒಂದು ಪಿಕೊಲೊ ಟ್ರಂಪೆಟ್ ತಂದರು. ಅದು ಮಾಮೂಲಿ ಟ್ರಂಪೆಟ್ಟಿನ ಅರ್ಧದಷ್ಟಿತ್ತು. ಮಾವ ಅದನ್ನು ಮರಿ ಎನ್ನುತ್ತಿದ್ದರು. ಬಾಯಲ್ಲಿ ಹಲ್ಲು ಮಾತ್ರ ಒಂದೂ ಉಳಿದಿರಲಿಲ್ಲ. ಹಲ್ಲಿನ ಆಸರೆ ಇಲ್ಲದೆ ತುಟಿ ನಿಲ್ಲುವುದಿಲ್ಲ, ತುಟಿ ನಿಲ್ಲದೆ ಟ್ರಂಪೆಟ್ ಮಾತಾಡುವುದಿಲ್ಲ.

ಹಲ್ಲಿನ ಕಾಲೇಜು ಊರಲ್ಲೇ ಇದೆ, ಹಲ್ಲು ಕಟ್ಟಿಸಿಕೊಳ್ಳಿ ಎಂದರೆ ಕೇಳಲಿಲ್ಲ. "ಊದೋದು ಮುಗೀತು, ಇನ್ನು ಹಲ್ಲು ಯಾಕ?" ಎಂದು ಮೂರು ಹೊತ್ತೂ ಗಂಜಿ ಕುಡಿದು, ಟವೆಲ್ಲಿನಿಂದ ಬಾಯಿ ಮುಚ್ಚಿಕೊಂಡು ಕೂರುತ್ತಿದ್ದರು. ದಿನೇ ದಿನೇ ಅವರ ಅಂಗಿ ಜೋತು ಬೀಳುತ್ತಿತ್ತು. ಬ್ಲೌಸ್ ಹೊಲಿಯುವ ನನಗೆ ಅದನ್ನು ತಿಳಿಯಲು ಟೇಪು ಬೇಕಿರಲಿಲ್ಲ. ಹೆದರಿಕೆಯಾಯಿತು. ನನಗೆ ಹೆದರಿಕೆಯಾದರೆ ಸಿಟ್ಟು ಬರುತ್ತದೆ.

"ಊದೋರಿಲ್ದಿದ್ರೆ ಈ ಮರೀನ ಗುಜರಿಗೆ ಹಾಕ್ತೀನಿ ನೋಡ್ರಿ," ಎಂದೆ ಒಂದು ದಿನ.

"ಹಂಗಾದ್ರೆ ನೀನೇ ಊದವ್ವಾ," ಎಂದರು ಮಾವ.

ಆಡಿದ ಮಾತು ನುಂಗುವುದು ನನಗೆ ಬರುವುದಿಲ್ಲ. ಗೇಣುದ್ದದ ಸಾಮಾನು, ಇದರಲ್ಲೇನು ಮಹಾ ಎಂದು ಊದಿದೆ. ಗಾಳಿ ಬಂತು. ಮತ್ತೆ ಊದಿದೆ. ಕಿವಿ ಬಿಸಿಯಾಯಿತು, ಕಣ್ಣಲ್ಲಿ ನೀರು ಬಂತು, ಮರಿ ಮಾತ್ರ ತುಟಿಪಿಟಕ್ಕೆನ್ನಲಿಲ್ಲ. ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು: ಟ್ರಂಪೆಟ್ ಸಣ್ಣದಾದಷ್ಟೂ ಸ್ವರ ಮೇಲಕ್ಕೆ ಹೋಗುತ್ತದಂತೆ, ತುಟಿಗೆ ಬಲ ಜಾಸ್ತಿ ಬೇಕಂತೆ. ಇದನ್ನು ಮಾವ ಹೇಳಿದ್ದು ನಾನು ಸುಸ್ತಾಗಿ ಕುಳಿತ ಮೇಲೆ.

ಅಂದಿನಿಂದ ಪಾಠ ಶುರುವಾಯಿತು. ಮೊದಲ ಹದಿನೈದು ದಿನ ಮರಿಯನ್ನು ಮುಟ್ಟುವಂತಿಲ್ಲ, ಬರೀ ತುಟಿ ಬಿಗಿಹಿಡಿದು ಪುರ್ರ್ ಎನ್ನಿಸಬೇಕು. ಅಳತೆ ಕೊಡಲು ಬಂದ ಹೆಂಗಸರು ನನಗೆ ಚಳಿಯೋ ಸಿಟ್ಟೋ ತಿಳಿಯದೆ ಎರಡು ಹೆಜ್ಜೆ ಹಿಂದೆ ನಿಂತರು. ಇನ್ನೊಂದು ಕಟ್ಟಪ್ಪಣೆ, ಮೆಣಸಿನಕಾಯಿ ಬಜ್ಜಿ ಬಂದ್. ತುಟಿ ಉರಿದರೆ ಸ್ವರ ನಿಲ್ಲುವುದಿಲ್ಲವಂತೆ. ದಾವಣಗೆರೆಯಲ್ಲಿದ್ದು, ಸಂಜೆ ಮಂಡಕ್ಕಿಯ ಜೊತೆ ಮೆಣಸಿನಕಾಯಿ ಇಲ್ಲವೆಂದರೆ ಅದೆಂಥ ಬಾಳು? ಗಂಡ, ಮಕ್ಕಳು ನನ್ನೆದುರೇ ಕಚ್ಚಿಕೊಂಡು ತಿಂದರು.

ಕೊನೆಗೂ ಸ್ವರ ಬಂತು. ಬಂದದ್ದೇ ತಡ, ಪಕ್ಕದ ಮನೆಯ ಎಮ್ಮೆ ಹಗ್ಗ ಕಿತ್ತುಕೊಂಡಿತು. ಅದು ಸರಿಯಾಗಿ ಹಾಲು ಕೊಡದ ಮೂರನೆಯ ದಿನ ಪಕ್ಕದ ಮನೆಯಾಕೆ ಬಂದು, "ಊದಬ್ಯಾಡ ಅನ್ನಲ್ಲಕ್ಕ, ಬ್ಯಾರೆ ಊರಾಗೆ ಊದ್ರಿ," ಎಂದಳು. ಹಾಗಾಗಿ ಭಾನುವಾರ ಬೆಳಿಗ್ಗೆ ನಾನೂ ಮಾವನೂ ಬಸ್ಸು ಹತ್ತಿ ಹರಿಹರದ ಹೊಳೆ ದಂಡೆಗೆ ಹೋಗತೊಡಗಿದೆವು.

ಅಲ್ಲಿ ಒಂದು ದಿನ ಮಾವನ ಹಳೆಯ ಬ್ಯಾಂಡ್ ಮಾಸ್ಟರ್ ಸಾಹೇಬರು ಎದುರಾದರು. ನಾನು ಹುರುಪಿನಿಂದ ಊದಿದೆ. ಮೇಲಿನ ಸ್ವರಕ್ಕೆ ಹತ್ತಿದೆ, ಅಲ್ಲಿಂದ ಜಾರಿ ಎಲ್ಲೆಲ್ಲೋ ಬಿದ್ದೆ. ಸಾಹೇಬರು ಕಣ್ಣು ಮುಚ್ಚಿ ಪೂರ್ತಿ ಕೇಳಿ, ಬಹಳ ಮರ್ಯಾದೆಯಿಂದ, "ಉಸ್ತಾದ್ ಯಾರವ್ವಾ?" ಎಂದರು.

ನಾನು ಮಾವನ ಕಡೆ ನೋಡಿದೆ. ಮಾವ ಹೊಳೆಯ ಕಡೆ ನೋಡಿದರು. ಟವೆಲ್ಲು ಬಾಯಿ ದಾಟಿ ಮೂಗಿನವರೆಗೂ ಏರಿತು.

ವಾಪಸ್ ಬಸ್ಸು ಹತ್ತಿದೆವು. ದಾವಣಗೆರೆಯಲ್ಲಿ ಇಳಿಯುವಾಗ ಮಾವ, "ಬಾಯಾಗೆ ಹೇಳಿದ್ರೆ ನಿನಗೆ ಬರಂಗಿಲ್ಲ," ಎಂದರು. "ಊದಿ ತೋರಿಸ್ಬೇಕು. ಆ ಹಲ್ಲಿನ ಕಾಲೇಜು ನಾಳೆ ತೆಗೆದಿರ್ತೈತಾ?"

ನನಗೆ ಅವಮಾನವಾಗಬೇಕಿತ್ತು. ಖುಷಿಗೆ ಕಣ್ಣು ತುಂಬಿ, ಬಸ್ಸಿನ ಕೊನೆಯ ಮೆಟ್ಟಿಲು ಕಾಣದೆ ಮುಗ್ಗರಿಸಿದೆ.

ಹಲ್ಲು ಕಟ್ಟಿ, ಅದು ಬಾಯಿಗೆ ರೂಢಿಯಾಗಲು ಬಹಳ ದಿನ ಹಿಡಿಯಿತು. ಒಂದು ಸಂಜೆ ಮಾವ ತಾವಾಗಿಯೇ ನನ್ನನ್ನು ಮಂಡಕ್ಕಿ ಅಂಗಡಿಗೆ ಕರೆದುಕೊಂಡು ಹೋದರು. ಟವೆಲ್ಲನ್ನು ಹೆಗಲಿಗೆ ಹಾಕಿ, ಬಿಸಿ ಮೆಣಸಿನಕಾಯಿಯೊಂದನ್ನು ಕಚ್ಚಿದರು. ಎರಡನೆಯದನ್ನೂ ಕಚ್ಚಿದರು. ಅವರು ಅಗಿಯುವುದನ್ನೇ ನೋಡುತ್ತ ನಾನೂ ಒಂದಕ್ಕೆ ಕೈ ಹಾಕಿದೆ. ಮಾವ ತಟ್ಟೆಯನ್ನು ತಮ್ಮ ಕಡೆ ಎಳೆದುಕೊಂಡರು.

"ನಿನಗೆ ಬ್ಯಾಡ. ನಾಳೆ ಪಾಠ ಐತೆ."